ಮೊದಲು ವಿಷಯಪಟ್ಟಿ, ಆಮೇಲೆ ಪುಸ್ತಕ: ನನ್ನ ಸಿಸಿಎನ್‌ಎ ತಯಾರಿ

ಕಂಪ್ಯೂಟರ್ ನೆಟ್‌ವರ್ಕ್ ಕಟ್ಟಿ ನೋಡಿಕೊಳ್ಳಲು ಬರುತ್ತದೆಯೇ ಎಂದು ಅಳೆಯಲು ಸಿಸ್ಕೋ ಕಂಪನಿ ನಡೆಸುವ ಸಿಸಿಎನ್‌ಎ ಪರೀಕ್ಷೆಯಲ್ಲಿ ಕಳೆದ ತಿಂಗಳು ತೇರ್ಗಡೆಯಾದೆ. ಸುದ್ದಿ ಹರಡಿದ ದಿನದಿಂದ ಕಚೇರಿಯ ಕಿರಿಯರು, ಹಾಸನದಲ್ಲಿ ನನ್ನ ಜೊತೆ ಬಿಸಿಎ ಓದಿದವರು, ಅವರ ತಮ್ಮ ತಂಗಿಯರು ಎಲ್ಲರೂ ಕೇಳುತ್ತಿರುವುದು ಒಂದೇ ಪ್ರಶ್ನೆ: "ಯಾವ ಪುಸ್ತಕ ಓದಿದಿರಿ?" ಒಂದು ಹೆಸರು ಹೇಳಿ ಮುಗಿಸಬಹುದು. ಆದರೆ ಬರೀ ಹೆಸರು ಕೇಳಿಕೊಂಡು ಅಂಗಡಿಗೆ ಹೋದವರಿಗೆ ಅದೇ ಹೆಸರಿನ ಪುಸ್ತಕ ಹಳೆಯದು, ಹೊಸದು, ನಕಲಿ ಎಂದು ಮೂರು ನಾಲ್ಕು ರೂಪಗಳಲ್ಲಿ ಎದುರಾಗುತ್ತದೆ. ಅವುಗಳಲ್ಲಿ ಇಂದಿನ ಪರೀಕ್ಷೆಗೆ ಪೂರ್ತಿ ಒದಗುವುದು ಒಂದು ಮಾತ್ರ. ಅದನ್ನು ಗುರುತಿಸುವುದು ಹೇಗೆ ಎಂದು ತಿಳಿದುಕೊಳ್ಳಲು ನಾನು ಪಟ್ಟ ಪಾಡನ್ನು ಮೊದಲಿನಿಂದ ಹೇಳುತ್ತೇನೆ. ಓದುವವರಿಗೆ ಸ್ವಲ್ಪ ದುಡ್ಡು, ಅದಕ್ಕಿಂತ ಹೆಚ್ಚಾಗಿ ಸಮಯ ಉಳಿಯಲಿ ಎಂಬುದೇ ನನ್ನ ಆಸೆ.

ನಾನು ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯ ಹೆಲ್ಪ್‌ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವುದು, ಪ್ರಿಂಟರ್ ಸಿಗದವರಿಗೆ ಪ್ರಿಂಟರ್ ಜೋಡಿಸುವುದು, ಇಂಟರ್ನೆಟ್ ಬರುತ್ತಿಲ್ಲ ಎಂದವರ ದೂರನ್ನು ಬರೆದುಕೊಂಡು ನೆಟ್‌ವರ್ಕ್ ತಂಡಕ್ಕೆ ಕಳಿಸುವುದು, ಇದೇ ದಿನಚರಿ. ದೂರು ಅತ್ತ ಹೋದ ಮೇಲೆ ಅಲ್ಲಿ ಏನಾಗುತ್ತದೆ ಎಂದು ನೋಡುವ ಹಂಬಲ ನನಗೆ ಮೊದಲಿನಿಂದಲೂ ಇತ್ತು. ಆ ತಂಡದಲ್ಲಿ ಜಾಗ ಖಾಲಿಯಾದಾಗ ಕೇಳಿದೆ. "ಸಿಸಿಎನ್‌ಎ ಮಾಡಿಕೊಂಡು ಬನ್ನಿ, ಖಂಡಿತ ನೋಡೋಣ" ಎಂದರು ಮ್ಯಾನೇಜರ್.

ಮನೆಗೆ ಬಂದು ಶುಲ್ಕ ಹುಡುಕಿದೆ. 300 ಅಮೆರಿಕನ್ ಡಾಲರ್, ಅದರ ಮೇಲೆ ತೆರಿಗೆ. ನಮ್ಮ ಲೆಕ್ಕದಲ್ಲಿ 30,000 ರೂಪಾಯಿಯ ಆಸುಪಾಸು. ಊರಿಗೆ ಕಳಿಸಿದ ಮೇಲೆ ನನ್ನ ಸಂಬಳದಲ್ಲಿ ಉಳಿಯುವುದಕ್ಕಿಂತ ಅದು ಹೆಚ್ಚು. ನಪಾಸಾದರೆ ಐದು ದಿನ ಬಿಟ್ಟು ಮತ್ತೆ ಬರೆಯಬಹುದು, ಆದರೆ ಶುಲ್ಕ ಮತ್ತೆ ಪೂರ್ತಿ ಕಟ್ಟಬೇಕು. ಅಕ್ಕನಿಗೆ ಹೇಳಿದಾಗ ಅವಳು, "ಮೊದಲು ಓದುವುದಕ್ಕೆ ಏನು ಬೇಕೋ ಅದನ್ನು ಸರಿಯಾಗಿ ತೆಗೆದುಕೋ. ಶುಲ್ಕದ ಮಾತು ಆಮೇಲೆ ನೋಡೋಣ" ಎಂದಳು. ಕೆಂಗೇರಿ ಉಪನಗರದ ಅವಳ ಮನೆಯಲ್ಲೇ ನಾನಿರುವುದು.

ನೆಟ್‌ವರ್ಕ್ ತಂಡದಲ್ಲಿ ಮಂಗಳೂರಿನ ಹಿರಿಯರೊಬ್ಬರಿದ್ದಾರೆ. ಪುಸ್ತಕದ ಬಗ್ಗೆ ಕೇಳಿದೆ. ಅವರು ಪುಸ್ತಕದ ಹೆಸರನ್ನೇ ಹೇಳಲಿಲ್ಲ. "ಸಿಸ್ಕೋ ಜಾಲತಾಣದಲ್ಲಿ ಪರೀಕ್ಷೆಯ ವಿಷಯಪಟ್ಟಿ ಇದೆ, ಉಚಿತ. ಅದನ್ನು ಮುದ್ರಿಸಿಕೊಂಡು ಅಂಗಡಿಗೆ ಹೋಗಿ. ಕೈಯಲ್ಲಿ ಆ ಹಾಳೆ ಇಲ್ಲದಿದ್ದರೆ ಅಂಗಡಿಯವರು ಕೊಟ್ಟದ್ದೇ ಪುಸ್ತಕ" ಎಂದರು. ಈ ಇಡೀ ತಯಾರಿಯಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಬಾಳುವ ಮಾತು ಅದು.

ಪಟ್ಟಿ ಕೆಲವೇ ಪುಟಗಳದ್ದು. ಪರೀಕ್ಷೆಯ ಸಂಖ್ಯೆ 200-301. ಈ ಸಂಖ್ಯೆಯ ಪರೀಕ್ಷೆ 2020ರ ಫೆಬ್ರುವರಿಯಲ್ಲಿ ಶುರುವಾಯಿತು. 2024ರ ಆಗಸ್ಟ್ 20ರಿಂದ ಅದರ 1.1 ಆವೃತ್ತಿ ಜಾರಿಗೆ ಬಂತು. ನಾನು ಬರೆದದ್ದು ಅದನ್ನೇ. ವಿಷಯಗಳನ್ನು ಆರು ಭಾಗ ಮಾಡಿ ಪ್ರತಿಯೊಂದಕ್ಕೂ ಎಷ್ಟು ತೂಕ ಎಂದು ಬರೆದಿದ್ದಾರೆ. ನೆಟ್‌ವರ್ಕ್‌ನ ಮೂಲಪಾಠಗಳಿಗೆ ಶೇ. 20, ಸ್ವಿಚ್ (ಒಂದೇ ಜಾಗದ ಕಂಪ್ಯೂಟರ್‌ಗಳನ್ನು ಜೋಡಿಸುವ ಪೆಟ್ಟಿಗೆ) ಮತ್ತು ವೈರ್‌ಲೆಸ್ ಬರುವ ನೆಟ್‌ವರ್ಕ್ ಆಕ್ಸೆಸ್‌ಗೆ ಶೇ. 20, ರೂಟಿಂಗ್ (ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾರಿ ತೋರಿಸುವುದು) ಬರುವ ಐಪಿ ಕನೆಕ್ಟಿವಿಟಿಗೆ ಶೇ. 25, ಐಪಿ ಸೇವೆಗಳಿಗೆ ಶೇ. 10, ಭದ್ರತೆಗೆ ಶೇ. 15, ಸಾಧನಗಳನ್ನು ತಂತ್ರಾಂಶದಿಂದಲೇ ನಡೆಸುವ ಆಟೊಮೇಷನ್‌ಗೆ ಶೇ. 10. ಅದಕ್ಕಿಂತ ಮುಖ್ಯವಾಗಿ, ಯಾವುದನ್ನು ವಿವರಿಸಲು ಬಂದರೆ ಸಾಕು, ಯಾವುದನ್ನು ಸ್ವತಃ ಕಾನ್ಫಿಗರ್ ಮಾಡಿ (ಸಾಧನದಲ್ಲಿ ಆಜ್ಞೆ ಕೊಟ್ಟು ಹೊಂದಿಸಿ) ಪರಿಶೀಲಿಸಲು ಬರಬೇಕು ಎಂಬುದೂ ಸಾಲು ಸಾಲಾಗಿ ಅಲ್ಲಿದೆ. ಒಂದೇ ಸ್ವಿಚ್ಚನ್ನು ಹಲವು ನೆಟ್‌ವರ್ಕ್‌ಗಳಾಗಿ ವಿಂಗಡಿಸುವ ವಿಎಲ್‌ಎಎನ್, ಅವನ್ನು ಸ್ವಿಚ್‌ಗಳ ನಡುವೆ ಒಯ್ಯುವ ಟ್ರಂಕ್, ರೂಟರ್‌ಗಳು ಪರಸ್ಪರ ದಾರಿ ತಿಳಿಸಿಕೊಳ್ಳುವ ಒಂದೇ ಏರಿಯಾದ ಓಎಸ್‌ಪಿಎಫ್, ಯಾವ ಸಂದೇಶ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಹೇಳುವ ಎಸಿಎಲ್, ವಿಳಾಸ ಬದಲಿಸಿ ಕಳಿಸುವ ಎನ್‌ಎಟಿ ಎಲ್ಲವೂ ಎರಡನೆಯ ಗುಂಪಿಗೆ ಸೇರಿದವು. ಹಾಗಾಗಿ ಪುಸ್ತಕ ಓದಿ ಮುಗಿಸಿದರೆ ಸಾಲದು, ಕೈ ಪಳಗಬೇಕು ಎಂದು ಅಂದೇ ಗೊತ್ತಾಯಿತು.

ಆ ಹಾಳೆ ಮೊದಲು ಕೆಲಸಕ್ಕೆ ಬಂದದ್ದು ಪುಸ್ತಕದಂಗಡಿಯಲ್ಲಲ್ಲ, ಒಂದು ತರಬೇತಿ ಕೇಂದ್ರದಲ್ಲಿ. ಮನೆಯಲ್ಲಿ ಒಬ್ಬಳೇ ಓದಿ ಆಗುತ್ತದೆಯೋ ಇಲ್ಲವೋ ಎಂಬ ಅಳುಕಿನಿಂದ ಹೋಗಿದ್ದೆ. "ಪುಸ್ತಕವೇ ಬೇಡ ಮೇಡಂ, ನಮ್ಮ ಮೆಟೀರಿಯಲ್ ಸಾಕು" ಎಂದು ಸ್ಪೈರಲ್ ಹಾಕಿದ ದಪ್ಪ ಪ್ರತಿಯೊಂದನ್ನು ಮುಂದಿಟ್ಟರು. ತಿರುವಿ ನೋಡಿದೆ. ಓಎಸ್‌ಪಿಎಫ್‌ನಂತೆಯೇ ರೂಟಿಂಗ್ ಪ್ರೋಟೊಕಾಲ್ (ರೂಟರ್‌ಗಳು ದಾರಿ ತಿಳಿಸಿಕೊಳ್ಳುವ ಕ್ರಮ) ಆದ ಆರ್‌ಐಪಿಗೆ ಒಂದು ದೊಡ್ಡ ಅಧ್ಯಾಯ, ಇಐಜಿಆರ್‌ಪಿ ಕಾನ್ಫಿಗರೇಷನ್‌ಗೆ ಎರಡು, ಹಳೆಯ ಕಾಲದ ಸಂಪರ್ಕ ವಿಧಾನವಾದ ಫ್ರೇಮ್ ರಿಲೇಗೆ ಇನ್ನೊಂದು. ನನ್ನ ಪಟ್ಟಿಯಲ್ಲಿ ಕಾನ್ಫಿಗರ್ ಮಾಡಬೇಕಾದ ರೂಟಿಂಗ್ ಪ್ರೋಟೊಕಾಲ್ ಎಂದರೆ ಓಎಸ್‌ಪಿಎಫ್ ಒಂದೇ. ವೈರ್‌ಲೆಸ್ ಎಲ್ಲಿ, ಆಟೊಮೇಷನ್ ಭಾಗದ ಜೆಸನ್ ಎಲ್ಲಿ, ಎಪಿಐ ಎಲ್ಲಿ ಎಂದು ಕೇಳಿದರೆ "ಅವು ಕೊನೆಯ ವಾರ ಬಾಯಲ್ಲಿ ಹೇಳುತ್ತೇವೆ" ಎಂಬ ಉತ್ತರ. 2020ಕ್ಕಿಂತ ಹಿಂದೆ ಇದ್ದ ಪರೀಕ್ಷೆಯ ಟಿಪ್ಪಣಿಯನ್ನು ಹೊಸ ರಟ್ಟು ಹಾಕಿ ಕೊಡುತ್ತಿದ್ದರು. ಶುಲ್ಕ ಕಟ್ಟದೆ ಎದ್ದು ಬಂದೆ. ಹಳ್ಳಿಯಿಂದ ಬಂದ ಎಷ್ಟೋ ಹುಡುಗರು ಅಪ್ಪ ಸಾಲ ಮಾಡಿ ಕೊಟ್ಟ ದುಡ್ಡನ್ನು ಅಲ್ಲಿ ಕಟ್ಟಿ ಕುಳಿತಿದ್ದರು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಆಮೇಲೆ ಅವೆನ್ಯೂ ರಸ್ತೆ. ಎಂಜಿನಿಯರಿಂಗ್ ಪುಸ್ತಕ ಬೇಕೆಂದರೆ ಬೆಂಗಳೂರಿನಲ್ಲಿ ಎಲ್ಲರ ಬಾಯಲ್ಲೂ ಬರುವ ಜಾಗ. ಬಳೆ, ಬಟ್ಟೆ, ಮದುವೆ ಕಾರ್ಡುಗಳ ಅಂಗಡಿಗಳ ನಡುವೆ ಪುಸ್ತಕಗಳು ಎದೆಯೆತ್ತರಕ್ಕೆ ಪೇರಿಸಿರುತ್ತವೆ. ಸಿಸಿಎನ್‌ಎ ಎಂದೊಡನೆ ಒಬ್ಬರು ನಾಲ್ಕು ಪುಸ್ತಕ ತೆಗೆದು ಹರಡಿದರು. ಒಂದರ ಬೆನ್ನ ಮೇಲೆ 200-125 ಎಂದಿತ್ತು, ಇನ್ನೆರಡರ ಮೇಲೆ 100-105 ಮತ್ತು 200-105. ಇವು ಹಳೆಯ ಪರೀಕ್ಷೆಯ ಸಂಖ್ಯೆಗಳು; ಆ ಪರೀಕ್ಷೆಗಳೇ ಈಗಿಲ್ಲ. "ವಿಷಯ ಎಲ್ಲ ಒಂದೇ ಮೇಡಂ, ನಂಬರ್ ಮಾತ್ರ ಬದಲು" ಎಂದು ಅಂಗಡಿಯವರು ಒತ್ತಾಯಿಸಿದರು. ಐಪಿ ವಿಳಾಸಗಳನ್ನು ಗುಂಪುಗಳಾಗಿ ಒಡೆಯುವ ಸಬ್‌ನೆಟ್ಟಿಂಗ್, ಸ್ವಿಚಿಂಗ್‌ನಂಥ ಬುನಾದಿ ಬದಲಾಗುವುದಿಲ್ಲ ಎನ್ನುವಷ್ಟರ ಮಟ್ಟಿಗೆ ಅವರ ಮಾತು ನಿಜ. ಆದರೆ ಓದಬೇಕಾಗಿಲ್ಲದ್ದನ್ನು ಓದಿ, ಓದಬೇಕಾದದ್ದನ್ನು ಬೇರೆಡೆ ಹುಡುಕುವ ಕೆಲಸ ಯಾರಿಗೆ ಬೇಕು?

ನಾಲ್ಕನೆಯದು 200-301 ಎಂದೇ ಇದ್ದ ಪುಸ್ತಕ. ವೆಂಡೆಲ್ ಓಡಮ್ ಬರೆದ, ಸಿಸ್ಕೋ ಪ್ರೆಸ್‌ನ ಆಫಿಷಿಯಲ್ ಸರ್ಟ್ ಗೈಡ್‌ನ ಮೊದಲ ಸಂಪುಟ. ನೋಡಲು ಹೊಸದರಂತೆಯೇ ಇತ್ತು, 400 ರೂಪಾಯಿ. ಒಳಪುಟ ತೆಗೆದು ನೋಡಿದರೆ ಮೊದಲ ಆವೃತ್ತಿ. 1.1 ವಿಷಯಪಟ್ಟಿಗೆ ಹೊಂದುವುದು ಇದರ ಎರಡನೆಯ ಆವೃತ್ತಿ. ಇನ್ನೂ ಒಂದು ಸಂಗತಿ. ಈ ಪುಸ್ತಕದ ಜೊತೆಗೆ ಅಭ್ಯಾಸ ಪರೀಕ್ಷೆಯ ತಂತ್ರಾಂಶ ಬರುತ್ತದೆ. ಅದನ್ನು ತೆರೆಯುವ ಕೋಡ್ ಪುಸ್ತಕದ ಕೊನೆಯಲ್ಲಿ ಅಂಟಿಸಿದ ಪುಟ್ಟ ಕವರಿನೊಳಗೆ ಒಂದು ಹಾಳೆಯ ಮೇಲೆ ಮುದ್ರಿತವಾಗಿರುತ್ತದೆ, ಒಬ್ಬರಿಗೆ ಮಾತ್ರ. ಆ ಪ್ರತಿಯಲ್ಲಿ ಈ ಕವರ್ ಹರಿದಿತ್ತು, ಒಳಗಿನ ಹಾಳೆಯ ಮೂಲೆಯಲ್ಲಿ ಯಾರೋ ನೀಲಿ ಪೆನ್ನಿನಲ್ಲಿ ಟಿಕ್ ಹಾಕಿದ್ದರು. ಕೋಡ್ ಬಳಸಿ ಆಗಿತ್ತು. ಸೆಕೆಂಡ್‌ಹ್ಯಾಂಡ್ ಪ್ರತಿ ಕೊಳ್ಳುವವರು ಪುಟಗಳಲ್ಲಿ ಗೀಚಿದ್ದಾರೆಯೇ ಎಂದು ನೋಡುವ ಮೊದಲು ಈ ಕವರ್ ನೋಡಿ. ಅದು ಹರಿದಿದ್ದರೆ ಅಷ್ಟಕ್ಕೆ ತಕ್ಕಂತೆ ಬೆಲೆ ಕೇಳಿ.

ಪಕ್ಕದ ಅಂಗಡಿಯಲ್ಲಿ ಎರಡನೆಯ ಆವೃತ್ತಿಯೇ ಇತ್ತು, ಅದೂ ಅಗ್ಗಕ್ಕೆ. ಕೈಗೆತ್ತಿಕೊಂಡರೆ ಕಾಗದ ತೆಳು, ಅಕ್ಷರ ಮಸುಕು. ಒಳಗೆ ರೂಟರಿನ ಪರದೆ ಹೇಗೆ ಕಾಣುತ್ತದೆ ಎಂದು ತೋರಿಸುವ ಉದಾಹರಣೆಗಳಲ್ಲಿ ಕೆಲವು ಸಾಲುಗಳಿಗೆ ಬೂದು ಬಣ್ಣದ ಹಿನ್ನೆಲೆ ಕೊಟ್ಟಿರುತ್ತಾರೆ, ಇಲ್ಲಿ ಗಮನಿಸಿ ಎಂದು. ಈ ನಕಲು ಮುದ್ರಣದಲ್ಲಿ ಅದೇ ಜಾಗ ಕಪ್ಪು ಪಟ್ಟಿಯಾಗಿ, ಓದಬೇಕಾದ ಸಾಲೇ ಅಳಿಸಿಹೋಗಿತ್ತು. ಐಪಿ ವಿಳಾಸದಲ್ಲಿ 3 ಯಾವುದು, 8 ಯಾವುದು ಎಂದು ತಿಳಿಯದಿದ್ದರೆ ಸಬ್‌ನೆಟ್ ಲೆಕ್ಕ ಕಲಿಯುವುದು ಹೇಗೆ? ಕದ್ದು ಮುದ್ರಿಸಿದ್ದು ಎಂಬ ಒಂದು ಕಾರಣವೇ ಅದನ್ನು ಬಿಡಲು ಸಾಕಾಗಿತ್ತು. ಕಣ್ಣಿನ ಕಷ್ಟವನ್ನೂ ಹೇಳಿದೆ, ಅಷ್ಟೆ.

ಹೊಸ ಪುಸ್ತಕವೇ ಕೊಳ್ಳುವುದೆಂದು ತೀರ್ಮಾನವಾದ ಮೇಲೆ ಯಾರದು ಎಂಬ ಪ್ರಶ್ನೆ. ಗಾಂಧಿನಗರದ ದೊಡ್ಡ ಪುಸ್ತಕ ಮಳಿಗೆಗೆ ಒಂದು ಬಿಡುವಿನ ದಿನ ಹೋಗಿ ಕುಳಿತೆ. ಅಲ್ಲಿ ಇಲ್ಲದವುಗಳ ಮಾದರಿ ಪುಟಗಳನ್ನು ಪ್ರಕಾಶಕರ ಜಾಲತಾಣದಲ್ಲಿ ನೋಡಿದೆ. ನಾನು ಮಾಡಿದ್ದಿಷ್ಟು: ಯಾವುದೋ ಸುಲಭದ ಮೊದಲ ಅಧ್ಯಾಯ ಓದಿ ಮರುಳಾಗದೆ, ನನಗೆ ಅರ್ಥವೇ ಆಗದಿದ್ದ ಒಂದು ವಿಷಯ ಆರಿಸಿಕೊಂಡೆ. ಸ್ಪ್ಯಾನಿಂಗ್ ಟ್ರೀ. ಸ್ವಿಚ್‌ಗಳ ನಡುವೆ ಒಂದಕ್ಕಿಂತ ಹೆಚ್ಚು ದಾರಿಯಿದ್ದರೆ ಸಂದೇಶಗಳು ಸುತ್ತುತ್ತಲೇ ಉಳಿದು ನೆಟ್‌ವರ್ಕ್ ಕುಸಿಯುತ್ತದೆ. ಅದನ್ನು ತಡೆಯಲು ಸ್ವಿಚ್‌ಗಳೇ ತಮ್ಮೊಳಗೆ ಒಂದನ್ನು ರೂಟ್ ಎಂದು ಆರಿಸಿ ಹೆಚ್ಚುವರಿ ದಾರಿಗಳನ್ನು ಮುಚ್ಚುತ್ತವೆ, ಇದೇ ಸ್ಪ್ಯಾನಿಂಗ್ ಟ್ರೀ. ಯಾವ ಸ್ವಿಚ್ ರೂಟ್ ಆಗುತ್ತದೆ, ಏಕೆ? ಈ ಒಂದು ಪ್ರಶ್ನೆಗೆ ಪ್ರತಿ ಪುಸ್ತಕವೂ ಹೇಗೆ ಉತ್ತರಿಸುತ್ತದೆ ಎಂದು ಓದಿದೆ. ಯಾರೂ ಏನೂ ಬದಲಾಯಿಸದಿದ್ದರೆ ಎಲ್ಲ ಸ್ವಿಚ್‌ಗಳ ಆದ್ಯತೆಯೂ 32768 ಇರುತ್ತದೆ, ಆಗ ಅತಿ ಚಿಕ್ಕ ಮ್ಯಾಕ್ ವಿಳಾಸ (ತಯಾರಾಗುವಾಗಲೇ ಸಾಧನಕ್ಕೆ ಕೊಡುವ ಗುರುತಿನ ಸಂಖ್ಯೆ) ಇರುವುದು ಗೆಲ್ಲುತ್ತದೆ, ಹಾಗಾಗಿ ಮೂಲೆಯಲ್ಲಿರುವ ಹಳೆಯ ನಿಧಾನದ ಸ್ವಿಚ್ಚೇ ರೂಟ್ ಆಗಿಬಿಡುವ ಅಪಾಯವಿದೆ. ಇಷ್ಟು ನನ್ನ ತಲೆಗೆ ಯಾವ ಪುಸ್ತಕದಿಂದ ಇಳಿಯುತ್ತದೋ ಅದೇ ನನ್ನ ಪುಸ್ತಕ ಎಂದುಕೊಂಡೆ.

ಓಡಮ್ ಅವರದು ತಾಳ್ಮೆಯ ಬರವಣಿಗೆ. ಯಾವ ಸಂದಿಯನ್ನೂ ಬಿಡದೆ ವಿವರಿಸುತ್ತಾರೆ. ವಾಕ್ಯಗಳು ಉದ್ದ, ಪುಟಗಳು ಹೆಚ್ಚು. ಟಾಡ್ ಲ್ಯಾಮ್ಲ್ ಅವರ ಪುಸ್ತಕಗಳಲ್ಲಿ ಎದುರು ಕುಳಿತು ಹರಟುವ ಧಾಟಿ. ಇಂಗ್ಲಿಷಿನಲ್ಲಿ ಓದಿ ರೂಢಿಯಾದವರಿಗೆ ಅದು ಹಿತ, ನನಗೆ ಮಾತ್ರ ತಮಾಷೆ ಎಲ್ಲಿ, ವಿಷಯ ಎಲ್ಲಿ ಎಂದು ಬೇರ್ಪಡಿಸುವುದೇ ಹೆಚ್ಚಿನ ಕೆಲಸವಾಯಿತು. ಜೆರೆಮಿ ಮ್ಯಾಕ್‌ಡೊವೆಲ್ ಅವರದು 2024ರಲ್ಲಿ ಮ್ಯಾನಿಂಗ್ ಪ್ರಕಾಶನದಿಂದ ಎರಡು ಸಂಪುಟಗಳಲ್ಲಿ ಬಂದಿದೆ. ವಾಕ್ಯ ಚಿಕ್ಕವು, ಚಿತ್ರ ತಿಳಿ. ಅವರದೇ ಪಾಠಗಳು ಯೂಟ್ಯೂಬ್‌ನಲ್ಲಿ ಜೆರೆಮೀಸ್ ಐಟಿ ಲ್ಯಾಬ್ ಎಂಬ ಹೆಸರಿನಲ್ಲಿ ಪೂರ್ತಿ ಉಚಿತವಾಗಿವೆ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಆ ಪಾಠಗಳಿಂದ ಶುರು ಮಾಡುವುದು ಒಳ್ಳೆಯದು ಎಂದು ಧೈರ್ಯವಾಗಿ ಹೇಳುತ್ತೇನೆ. ಕಿವಿಗೆ ಒಮ್ಮೆ ಬಿದ್ದ ಪದ ಪುಟದ ಮೇಲೆ ಕಂಡಾಗ ಹೆದರಿಸುವುದಿಲ್ಲ.

ಕೊನೆಗೆ ಮುಖ್ಯ ಪುಸ್ತಕವಾಗಿ ಓಡಮ್ ಅವರ ಎರಡು ಸಂಪುಟ, ಕಿವಿಗೆ ಜೆರೆಮಿ ಅವರ ಪಾಠ ಎಂದು ನಿರ್ಧರಿಸಿದೆ. ಕಾರಣ ಸರಳ: ಕಲಿಸುವವರು ಯಾರೂ ಪಕ್ಕದಲ್ಲಿ ಇಲ್ಲದವಳಿಗೆ ಏನನ್ನೂ ಬಿಡದ ಪುಸ್ತಕ ಬೇಕು. ಪ್ರತಿ ಅಧ್ಯಾಯದ ಆರಂಭದಲ್ಲಿ ಇದು ನಿಮಗೆ ಈಗಾಗಲೇ ಗೊತ್ತೇ ಎಂದು ಪರೀಕ್ಷಿಸುವ ಪುಟ್ಟ ಪ್ರಶ್ನಾವಳಿ ಇರುವುದೂ ಮನಸ್ಸಿಗೆ ಬಂತು. ನಿಮ್ಮ ಪಕ್ಕದಲ್ಲಿ ಹೇಳಿಕೊಡುವವರಿದ್ದರೆ ಮ್ಯಾಕ್‌ಡೊವೆಲ್ ಅವರದೇ ಸಾಕಾಗಬಹುದು. ಎರಡೂ ಕೊಳ್ಳಬೇಡಿ, ಅದು ವ್ಯರ್ಥ. ನನ್ನ ಪರಿಚಯದ ಮೂವರು ಎರಡೆರಡು ಲೇಖಕರ ಪುಸ್ತಕ ತಂದು, ಇದರಲ್ಲಿ ಅರ್ಧ ಅದರಲ್ಲಿ ಅರ್ಧ ಓದಿ, ಇವತ್ತಿಗೂ ಪರೀಕ್ಷೆಗೆ ಹೆಸರು ಕೊಟ್ಟಿಲ್ಲ.

ಮೊದಲ ಸಂಪುಟ ಅಂಗಡಿಯಲ್ಲೇ ಸಿಕ್ಕಿತು. ಎರಡನೆಯದು ಇರಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ಇಲ್ಲಿ ಒಂದು ತೊಡಕಾಯಿತು, ದಯವಿಟ್ಟು ಗಮನವಿಟ್ಟು ಓದಿ. ಚಿತ್ರದಲ್ಲಿ ಎರಡನೆಯ ಆವೃತ್ತಿ ತೋರಿಸಿದ್ದ ಮಾರಾಟಗಾರರು ಕಳಿಸಿದ್ದು ಮೊದಲ ಆವೃತ್ತಿಯ ಎರಡನೆಯ ಸಂಪುಟ. ಸ್ವಲ್ಪ ಹಳೆಯದಾದರೇನು, ಇದೂ 200-301 ತಾನೇ ಎಂದು ಅನೇಕರು ಇಟ್ಟುಕೊಂಡುಬಿಡುತ್ತಾರೆ. ಪಟ್ಟಿಯ ಹಾಳೆ ಹರಡಿಕೊಂಡು ಎರಡೂ ಪುಸ್ತಕದ ಪರಿವಿಡಿಯನ್ನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಬಂದಾಗ ಗೊತ್ತಾಯಿತು, ವೈರ್‌ಲೆಸ್ ಎರಡರಲ್ಲೂ ಇಲ್ಲ! ಮೊದಲ ಆವೃತ್ತಿಯಲ್ಲಿ ವೈರ್‌ಲೆಸ್ ಅಧ್ಯಾಯಗಳು ಒಂದನೆಯ ಸಂಪುಟದ ಕೊನೆಯಲ್ಲಿದ್ದವು. ಎರಡನೆಯ ಆವೃತ್ತಿಯಲ್ಲಿ ಅವನ್ನು ಎರಡನೆಯ ಸಂಪುಟದ ಮೊದಲಿಗೆ ಸಾಗಿಸಿದ್ದಾರೆ. ಹೊಸ ಒಂದನೆಯ ಸಂಪುಟ, ಹಳೆಯ ಎರಡನೆಯ ಸಂಪುಟ ಜೋಡಿ ಮಾಡಿದರೆ ಆ ಭಾಗ ನಡುವೆ ಬಿದ್ದುಹೋಗುತ್ತದೆ. ಅಂಗಡಿಯವರಿಗೂ ಇದು ತಿಳಿದಿರುವುದಿಲ್ಲ. ಎರಡೂ ಸಂಪುಟದ ಆವೃತ್ತಿ ಒಂದೇ ಇರಲಿ.

ವಾಪಸು ಕಳಿಸುವುದು ಸುಲಭವಾಗಲಿಲ್ಲ. ಪುಸ್ತಕ ಹಾಳಾಗಿಲ್ಲವಲ್ಲ, ಮತ್ತೇಕೆ ವಾಪಸು ಎಂಬುದು ಮಾರಾಟಗಾರರ ವಾದ. ಮುಖಪುಟ, ಒಳಪುಟ, ಅವರದೇ ಜಾಹೀರಾತಿನ ಚಿತ್ರ ಮೂರನ್ನೂ ಕಳಿಸಿ, ಫೋನ್ ಮೇಲೆ ಫೋನ್ ಮಾಡಿದ ಮೇಲೆ ಒಪ್ಪಿದರು. ತೆಗೆದುಕೊಂಡು ಹೋಗಲು ಬರುವವರು ನಾನು ಕೆಲಸದಲ್ಲಿದ್ದಾಗಲೇ ಬರುತ್ತಿದ್ದರು. ಭಾವ ಒಂದು ದಿನ ಮನೆಯಲ್ಲೇ ಉಳಿದು ಕೊಟ್ಟು ಕಳಿಸಿದರು. ದುಡ್ಡು ಮರಳಿ ಬಂದು, ಸರಿಯಾದ ಸಂಪುಟ ಕೈಸೇರುವ ಹೊತ್ತಿಗೆ ದಸರಾ ಕಳೆದು ದೀಪಾವಳಿ ಬಂದಿತ್ತು. ಪೊಟ್ಟಣ ಬಂದಾಗ ಬಿಚ್ಚುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ, ಒಳಪುಟದ ಆವೃತ್ತಿಯ ಸಾಲು ಅದರಲ್ಲಿ ಕಾಣುವಂತಿರಲಿ.

ಈ ಮಧ್ಯೆ ಮೊದಲ ಸಂಪುಟ ಶುರುವಾಗಿತ್ತು. ಎಂಟುನೂರು ಪುಟ ದಾಟುವ ಪುಸ್ತಕ. ಕೆಂಗೇರಿಯಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗದ ಮೆಟ್ರೊದಲ್ಲಿ ನನಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಸಿಗುತ್ತದೆ, ಆದರೆ ನಿಂತುಕೊಂಡು ಅದನ್ನು ಒಂದು ಕೈಯಲ್ಲಿ ಹಿಡಿಯಲಾಗುವುದಿಲ್ಲ. ಕೆಂಗೇರಿಯ ಜೆರಾಕ್ಸ್ ಅಂಗಡಿಗೆ ಒಯ್ದೆ. ಅಲ್ಲಿನ ಅಜ್ಜ ಹೊಸ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನು ಕತ್ತರಿಸಲೇನಮ್ಮಾ? ಮನಸ್ಸಾದರೂ ಹೇಗೆ ಬರುತ್ತದೆ?" ಎಂದರು. ಬೆನ್ನು ಕತ್ತರಿಸಿ, ಮೂರು ಭಾಗ ಮಾಡಿ, ಪ್ರತಿ ಭಾಗಕ್ಕೂ ಸ್ಪೈರಲ್ ಹಾಕಿಸಿದೆ. ಕೋಡ್ ಇದ್ದ ಹಾಳೆಯನ್ನು ಮೊದಲೇ ಬೇರೆ ತೆಗೆದಿಟ್ಟಿದ್ದೆ. ಆ ದಿನದಿಂದ ಓದು ನಿಜವಾಗಿ ಸಾಗಿತು. ಇ-ಪುಸ್ತಕ ಕೊಂಡರೆ ಈ ತಾಪತ್ರಯವಿಲ್ಲ, ನಿಜ. ನನಗೆ ಮಾತ್ರ ಮೊಬೈಲ್ ಪರದೆಯ ಮೇಲೆ ಪಕ್ಕದ ಪುಟದ ಚಿತ್ರ, ಈ ಪುಟದ ವಿವರಣೆ ಎರಡನ್ನೂ ಒಟ್ಟಿಗೆ ನೋಡಲಾಗುತ್ತಿರಲಿಲ್ಲ.

ಓದಿದ್ದನ್ನು ಕನ್ನಡದಲ್ಲಿ ಬರೆದೆ. ತಾಂತ್ರಿಕ ಪದಗಳು ಇದ್ದಂತೆಯೇ ಇರಲಿ, ವಾಕ್ಯ ನನ್ನದು. "ಈ ಪೋರ್ಟ್ ಮುಚ್ಚಿರುವುದು ಏಕೆಂದರೆ..." ಎಂದು ಶುರು ಮಾಡಿದ ವಾಕ್ಯವನ್ನು ಮುಗಿಸಲು ಬಾರದಿದ್ದರೆ ವಿಷಯ ತಿಳಿದಿಲ್ಲ ಎಂದೇ ಲೆಕ್ಕ. ಇಂಗ್ಲಿಷ್ ಸಾಲುಗಳನ್ನೇ ನಕಲು ಮಾಡಿಕೊಂಡರೆ ಈ ಪರೀಕ್ಷೆ ನಮಗೆ ನಾವೇ ಮಾಡಿಕೊಳ್ಳಲಾಗುವುದಿಲ್ಲ.

ಸಬ್‌ನೆಟ್ಟಿಂಗ್‌ಗೆ ಪುಸ್ತಕಕ್ಕಿಂತ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ ಹೆಚ್ಚು ಉಪಕಾರ ಮಾಡಿತು. ಅಡುಗೆಮನೆಯ ಬಾಗಿಲಿಗೆ ಸ್ಲ್ಯಾಷ್ ಗುರುತಿನ ಯಾವ ಸಂಖ್ಯೆಗೆ ಒಂದು ಗುಂಪಿನಲ್ಲಿ ಎಷ್ಟು ವಿಳಾಸ ಎಂದು ಒಂದು ಪಟ್ಟಿ ಬರೆದು ಅಂಟಿಸಿದೆ: /25ಕ್ಕೆ 128, /26ಕ್ಕೆ 64, /27ಕ್ಕೆ 32, ಹೀಗೆ ಕೆಳಗಿನವರೆಗೆ. ಅಕ್ಕ ತರಕಾರಿ ಹೆಚ್ಚುತ್ತಾ ಒಂದು ಸಂಖ್ಯೆ ಹೇಳುವಳು. 192.168.10.77, /26. ಅರವತ್ನಾಲ್ಕರ ಗುಂಪುಗಳು 0, 64, 128, 192ರಿಂದ ಶುರು. 77 ಬೀಳುವುದು 64ರ ಗುಂಪಿನಲ್ಲಿ. ಮೊದಲನೆಯದು ಗುಂಪಿನದೇ ವಿಳಾಸ. ಕೊನೆಯ ವಿಳಾಸ 127, ಅದು ಗುಂಪಿನ ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್. ನಡುವೆ ಬಳಸಲು ಸಿಗುವುದು 62. ಬಿ.ಎ. ಓದಿದ ಅಕ್ಕನಿಗೆ ಕೆಲವೇ ವಾರಗಳಲ್ಲಿ ನನ್ನ ಉತ್ತರ ತಪ್ಪಾದರೆ ಹಿಡಿಯುವಷ್ಟು ಬಂದಿತ್ತು.

ಅಭ್ಯಾಸಕ್ಕೆ ನಿಜವಾದ ರೂಟರ್ ಬೇಕೇ? ಎಸ್.ಪಿ. ರಸ್ತೆಗೆ ಹೋಗಿ ವಿಚಾರಿಸಿದೆ. ಕಂಪನಿಗಳು ಬಿಸಾಡಿದ ಸಿಸ್ಕೋ 2960 ಸ್ವಿಚ್‌ಗಳು ಅಲ್ಲಿ ಸಿಗುತ್ತವೆ. ಮುಟ್ಟಿ ನೋಡುವುದೇ ಸಂತೋಷ. ಆದರೆ ಫ್ಯಾನಿನ ಸದ್ದು ಎರಡು ಕೋಣೆಯ ಮನೆಯಲ್ಲಿ ಅಕ್ಕನ ಮಗು ಮಲಗಲು ಬಿಡುವುದಿಲ್ಲ, ಬೆಲೆಯೂ ಕಡಿಮೆಯಲ್ಲ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ, ರೂಟರ್ ಸ್ವಿಚ್‌ಗಳನ್ನು ಕಂಪ್ಯೂಟರ್ ಪರದೆಯ ಮೇಲೇ ಜೋಡಿಸಿ ಅಭ್ಯಾಸ ಮಾಡುವ ತಂತ್ರಾಂಶ ಪ್ಯಾಕೆಟ್ ಟ್ರೇಸರ್ ಉಚಿತ. ಸಿಸಿಎನ್‌ಎ ಮಟ್ಟಕ್ಕೆ ಅದು ಸಾಕು, ನನಗೆ ಸಾಕಾಯಿತು. ಒಂದು ಅಧ್ಯಾಯ ಓದಿದ ದಿನವೇ ಅದರ ಉದಾಹರಣೆಯನ್ನು ಟ್ರೇಸರ್‌ನಲ್ಲಿ ಕಟ್ಟಬೇಕು, ಬೇಕೆಂದೇ ಕೆಡಿಸಿ ಸರಿಪಡಿಸಬೇಕು. ಯಾವ ವಿಳಾಸಗಳು ಸೇರಬೇಕು ಎಂದು ಹೇಳುವ ಓಎಸ್‌ಪಿಎಫ್‌ನ ವೈಲ್ಡ್‌ಕಾರ್ಡ್ ಮಾಸ್ಕ್ ನನಗೆ ಹತ್ತಿದ್ದು ಹೀಗೆ: /26 ಇರುವಲ್ಲಿ 0.0.0.63 ಬದಲು 0.0.0.31 ಹಾಕಿ, ರೂಟರಿನ ವಿಳಾಸ ಅದರ ಹೊರಗುಳಿದು, ನೆರೆಯ ರೂಟರ್ ಕಣ್ಮರೆಯಾಗುವುದನ್ನು ನೋಡಿದಾಗ.

ಎರಡನೆಯ ಸಂಪುಟದ ಆಟೊಮೇಷನ್ ಭಾಗವನ್ನು ಹಲವರು ಹಾರಿಸುತ್ತಾರೆ. ಹಾರಿಸಬೇಡಿ. ಶೇ. 10 ಎಂದರೆ ಐಪಿ ಸೇವೆಗಳಷ್ಟೇ ತೂಕ. 1.1ರಲ್ಲಿ ಕೃತಕ ಬುದ್ಧಿಮತ್ತೆ, ಮಷಿನ್ ಲರ್ನಿಂಗ್ ಸೇರಿವೆ. ಸಾಧನಗಳನ್ನು ತಾನಾಗಿ ಹೊಂದಿಸುವ ತಂತ್ರಾಂಶಗಳಲ್ಲಿ ಪಪೆಟ್, ಶೆಫ್ ಹೋಗಿ ಆನ್ಸಿಬಲ್ ಜೊತೆ ಟೆರಾಫಾರ್ಮ್ ಬಂದಿದೆ. ಆಳ ಹೆಚ್ಚಿಲ್ಲ, ನಿಧಾನವಾಗಿ ಓದಿದರೆ ಯಾರಿಗಾದರೂ ಬರುತ್ತದೆ.

ಪುನರಾವರ್ತನೆಗೆ ಆಲನ್ ಜಾನ್ಸನ್ ಅವರ, ಪರೀಕ್ಷೆಗೆ ಮೊದಲಿನ 31 ದಿನಗಳಲ್ಲಿ ಓದುವಂತೆ ಹಂಚಿದ ಪುಸ್ತಕವೊಂದಿದೆ. ಸಹೋದ್ಯೋಗಿಯೊಬ್ಬರಿಂದ ಎರವಲು ಪಡೆದೆ. ಮೂಲಪುಸ್ತಕ ಮುಗಿಸಿದವರಿಗೆ ಅದು ಚೆನ್ನ; ಅದೊಂದರಿಂದಲೇ ಕಲಿಯಹೊರಟರೆ ಆಗದು.

ಪರೀಕ್ಷೆ ಹತ್ತಿರವಾದಂತೆ ಇನ್ನೊಂದು ಒತ್ತಡ ಶುರುವಾಗುತ್ತದೆ, ಡಂಪ್. ಪರೀಕ್ಷೆಯ ಪ್ರಶ್ನೆಗಳನ್ನು ನೆನಪಿಟ್ಟುಕೊಂಡು ಬಂದು ಮಾರುವ ದಂಧೆ ಇದು. "ಎಲ್ಲರೂ ಇದನ್ನೇ ಓದುವುದು, ಪುಸ್ತಕ ಯಾರು ಓದುತ್ತಾರೆ?" ಎಂದು ಯಾರೋ ನನಗೂ ಕಡತ ಕಳಿಸಿದರು. ತೆರೆಯದೆ ಅಳಿಸಿದೆ. ಪರೀಕ್ಷೆಗೆ ಕೂರುವಾಗ ಗೋಪ್ಯತೆಯ ಒಪ್ಪಂದಕ್ಕೆ ಒಪ್ಪಿಗೆ ಕೊಡುತ್ತೇವೆ, ಮುರಿದರೆ ಪ್ರಮಾಣಪತ್ರವನ್ನೇ ರದ್ದು ಮಾಡುವ ಹಕ್ಕು ಅವರಿಗಿದೆ. ಅದಕ್ಕಿಂತ ಮಿಗಿಲಾಗಿ, ನಾಳೆ ಆಸ್ಪತ್ರೆಯದೋ ಬ್ಯಾಂಕಿನದೋ ನೆಟ್‌ವರ್ಕ್ ನಿಂತಾಗ ನಾವು ಹೋಗಿ ನಿಲ್ಲಬೇಕಾದವರು. ಉತ್ತರದ ಕ್ರಮಸಂಖ್ಯೆ ಬಾಯಿಪಾಠ ಮಾಡಿದವರು ಅಲ್ಲಿ ಏನು ಮಾಡುತ್ತಾರೆ?

ದಿನ ಗೊತ್ತುಮಾಡುವಾಗ ನಮ್ಮ ಕಡೆಯವರಿಗೆ ಬರುವ ತೊಂದರೆ ಹೆಸರಿನದು. ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ, ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬರೆದಿದೆ. ಸಿಸ್ಕೋ ಪರವಾಗಿ ಪರೀಕ್ಷಾ ಕೇಂದ್ರಗಳನ್ನು ನೋಡಿಕೊಳ್ಳುವ ಪಿಯರ್ಸನ್ ವ್ಯೂ ಮೂಲಕ ದಿನ ಗೊತ್ತುಮಾಡುವಾಗ ಖಾತೆಯ ಹೆಸರು ಮತ್ತು ಕೇಂದ್ರದಲ್ಲಿ ತೋರಿಸುವ ಗುರುತಿನ ಚೀಟಿಯ ಹೆಸರು ಒಂದೇ ಇರಬೇಕು, ಇಲ್ಲದಿದ್ದರೆ ಒಳಗೆ ಬಿಡದಿರಬಹುದು, ಶುಲ್ಕವೂ ಹೋಗಬಹುದು. ಖಾತೆ ತೆರೆಯುವ ಹೊತ್ತಿನಲ್ಲಿ ಪಾಸ್‌ಪೋರ್ಟ್ ಇನ್ನೂ ಬಂದಿರಲಿಲ್ಲವಾದ್ದರಿಂದ ಅಂಕಪಟ್ಟಿಯ ಹೆಸರನ್ನೇ ಕೊಟ್ಟಿದ್ದೆ; ಆಮೇಲೆ ಹೆಸರು ತಿದ್ದಿಸಲು ಮಿಂಚಂಚೆ ಬರೆದು, ದಾಖಲೆ ಕಳಿಸಿ ಕಾಯಬೇಕಾಯಿತು. ಆ ಕಾಯುವಿಕೆಯಲ್ಲಿ ಓದಿದ್ದೆಲ್ಲ ಮರೆತುಹೋಗುತ್ತದೇನೋ ಎಂಬ ಆತಂಕ ರಾತ್ರಿ ನಿದ್ದೆಗೆಡಿಸುತ್ತಿತ್ತು. ಪುಸ್ತಕ ಕೊಳ್ಳುವ ವಾರವೇ ಈ ಕೆಲಸವನ್ನೂ ಮುಗಿಸಿಕೊಳ್ಳಿ. ಸಹಿ ಮತ್ತು ಭಾವಚಿತ್ರವಿರುವ ಗುರುತಿನ ಚೀಟಿ, ಜೊತೆಗೆ ಇನ್ನೊಂದು ಚೀಟಿ ಇಟ್ಟುಕೊಂಡಿರಿ.

ಪರೀಕ್ಷೆಯ ದಿನ ಅರ್ಧ ಗಂಟೆ ಮೊದಲೇ ಹೋದೆ. ಸಹಿ, ಫೋಟೊ, ಜೇಬು ಖಾಲಿ, ಕೈಗಡಿಯಾರವೂ ಲಾಕರಿಗೆ. ಕಾಗದ ಪೆನ್ನಿನ ಬದಲು ಅಳಿಸಿ ಬರೆಯುವ ಹಲಗೆ ಮತ್ತು ಮಾರ್ಕರ್ ಕೊಟ್ಟರು. ಕೂತೊಡನೆ ಅಡುಗೆಮನೆ ಬಾಗಿಲಿನ ಪಟ್ಟಿಯನ್ನು ಅದರ ಮೇಲೆ ಇಳಿಸಿದೆ. ಸಮಯ 120 ನಿಮಿಷ. ಒಂದು ಪ್ರಶ್ನೆ ದಾಟಿದರೆ ಹಿಂದಿರುಗಿ ಬರುವಂತಿಲ್ಲ. ಶಾಲೆಯಲ್ಲಿ ಗೊತ್ತಿರುವುದನ್ನು ಮೊದಲು ಬರೆದು ಉಳಿದದ್ದಕ್ಕೆ ಆಮೇಲೆ ಬರುವುದು ನಮಗೆ ರೂಢಿ, ಇಲ್ಲಿ ಅದು ನಡೆಯದು. ಹಾಗಾಗಿ ಅಭ್ಯಾಸ ಪರೀಕ್ಷೆಯನ್ನೂ ಹಿಂದೆ ನೋಡದೆ ಬರೆದು ರೂಢಿಸಿಕೊಳ್ಳಿ. ಆಯ್ಕೆಯ ಪ್ರಶ್ನೆಗಳಲ್ಲದೆ, ಸಾಧನದ ಪರದೆಗೆ ಹೋಗಿ ಆಜ್ಞೆ ಟೈಪಿಸಬೇಕಾದ ಲ್ಯಾಬ್ ಪ್ರಶ್ನೆಗಳೂ ಇರುತ್ತವೆ. ಅವಕ್ಕೆ ಸಮಯ ಕಾದಿಟ್ಟುಕೊಳ್ಳಬೇಕು. ಏನು ಕೇಳಿದರು ಎಂದು ಮಾತ್ರ ಕೇಳಬೇಡಿ, ಹೇಳುವುದಿಲ್ಲ ಎಂದು ಒಪ್ಪಿ ಬಂದಿದ್ದೇನೆ. ವಿಷಯಪಟ್ಟಿಯ ಹೊರಗಿನದು ಎನಿಸಿದ್ದು ಯಾವುದೂ ಇರಲಿಲ್ಲ ಎಂದಷ್ಟು ಹೇಳಬಲ್ಲೆ.

ಫಲಿತಾಂಶ ಖಾತೆಯಲ್ಲಿ ಕಂಡಾಗ ಮೆಟ್ರೊದಲ್ಲಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು "ಏಕಮ್ಮಾ ಅಳುತ್ತಿದ್ದೀಯಾ?" ಎಂದು ಕೇಳಿದರು. ಪಾಸಾದೆ ಎಂದೆ. ಅವರು ಬ್ಯಾಗಿನಿಂದ ಒಂದು ಕಿತ್ತಳೆ ತೆಗೆದು ಕೊಟ್ಟರು.

ಖರ್ಚಿನ ಲೆಕ್ಕ ಬೇಕೆನ್ನುವವರಿಗೆ: ಎರಡೂ ಸಂಪುಟ ಸೇರಿ ಸುಮಾರು 3,000, ಬೈಂಡಿಂಗ್ ಮತ್ತು ಮುದ್ರಣಕ್ಕೆ ಕೆಲವು ನೂರು, ಪರೀಕ್ಷೆಗೆ 30,000ದ ಆಸುಪಾಸು. ಶುಲ್ಕದಲ್ಲಿ ಒಂದು ಪಾಲನ್ನು ಕಂಪನಿ ಮರಳಿ ಕೊಡುತ್ತದೆಂದು ಪಾಸಾದ ಮೇಲೆ ತಿಳಿಯಿತು. ನಿಮ್ಮ ಕಚೇರಿಯಲ್ಲೂ ಅಂಥ ನಿಯಮ ಇರಬಹುದು, ಹಣ ಕಟ್ಟುವ ಮೊದಲೇ ಎಚ್‌ಆರ್ ವಿಭಾಗದಲ್ಲಿ ವಿಚಾರಿಸಿ. ಕೆಲವೆಡೆ ಮುಂಚಿತ ಅನುಮತಿ ಇಲ್ಲದಿದ್ದರೆ ಕೊಡುವುದಿಲ್ಲ. ಪ್ರಮಾಣಪತ್ರ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಅಷ್ಟರಲ್ಲಿ ಮತ್ತೆ ಪರೀಕ್ಷೆ ಬರೆಯಬೇಕು, ಇಲ್ಲವೇ ಸಿಸ್ಕೋ ಒಪ್ಪುವ ಕೋರ್ಸುಗಳಿಂದ 30 ಕ್ರೆಡಿಟ್ ಗಳಿಸಬೇಕು.

ನನ್ನ ಸ್ಪೈರಲ್ ಪ್ರತಿಗಳನ್ನು ಹೆಲ್ಪ್‌ಡೆಸ್ಕ್‌ನಲ್ಲಿ ನನ್ನ ಪಕ್ಕ ಕೂರುವ ಹುಡುಗಿಗೆ ಕೊಟ್ಟಿದ್ದೇನೆ. ಕೋಡ್ ಬಳಸಿಯಾಗಿದೆ, ಅಭ್ಯಾಸ ಪರೀಕ್ಷೆ ಬೇರೆ ಕೊಳ್ಳಬೇಕಾಗುತ್ತದೆ ಎಂದು ಹೇಳಿಯೇ ಕೊಟ್ಟೆ. ಅವಳು ಈ ಭಾನುವಾರ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುತ್ತಿದ್ದಾಳೆ. ವಿಷಯಪಟ್ಟಿಯನ್ನು ನಿನ್ನೆಯೇ ಮುದ್ರಿಸಿಕೊಂಡು ಬಂದಿದ್ದಳು.